ಜೀವಶಾಸ್ತ್ರದ ಮುಕ್ತ ತಂತ್ರಾಂಶಗಳೂ ನಮ್ಮವರ ಔದಾಸೀನ್ಯವೂ

“ಸಿದ್ಧವಾದ ಉಪಕರಣವು ಬಿಟ್ಟಿಯಾಗಿ ದೊರೆಯುವಾಗ ಅದನ್ನು ತಂದು ಕೆಲಸವನ್ನು ತೀರಿಸಿಕೊಳ್ಳುವುದೇ ಜಾಣತನ. ಅದನ್ನು ಮಾಡಿದವರಾರು, ಅದರೊಳಗೆ ಏನಿದೆ, ಕೆಟ್ಟರೆ ಸರಿಪಡಿಸುವವರಾರು ಎಂಬ ವಿಚಾರವು ನಮಗೇಕೆ?” ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಕಲಿಸತಕ್ಕವರಲ್ಲಿಯೂ ಕಲಿಯತಕ್ಕವರಲ್ಲಿಯೂ ಈ ಮಾತು ಈಗ ಒಂದು ಸಿದ್ಧಾಂತದಂತೆ ನಡೆದುಬರುತ್ತಿದೆ. ಜೀವಿಗಳ ಆನುವಂಶಿಕ ದ್ರವ್ಯವನ್ನು ಗಣಕಯಂತ್ರದ ಸಹಾಯದಿಂದ ಓದಿ ವಿವೇಚಿಸುವ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಶಾಸ್ತ್ರದಲ್ಲಂತೂ ಇದೇ ಬಹುಜನರ ಆಚಾರವಾಗಿದೆ. ಈ ಸಿದ್ಧಾಂತವು ತಪ್ಪು. ತಪ್ಪಷ್ಟೇ ಅಲ್ಲ, ಅಪಾಯಕರವೂ ಹೌದು. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸಾಹಿತ್ಯಕ್ಕೆ ಮೀಸಲಾದ ಪತ್ರಿಕೆಯಲ್ಲಿ ಈ ಚರ್ಚೆಯೇಕೆ ಎಂದು ಕೆಲವರು ವಾಚಕರು ಕೇಳಬಹುದು. ಅವರಲ್ಲಿ ನಮ್ಮ ಅರಿಕೆಯೇನೆಂದರೆ, ಇದು ಮೂಲತಃ ಪಾಠಶೋಧನೆಯ ವಿಷಯವೇ ಆಗಿದೆ. ಮನುಷ್ಯನ ಒಂದೊಂದು ಜೀವಕೋಶದಲ್ಲಿಯೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಗ್ರಂಥವಿದೆಯೆಂದು ಭಾವಿಸಿರಿ. ಅದರ ಉದ್ದ ಸುಮಾರು 300 ಕೋಟಿ ಅಕ್ಷರಗಳು. ಇದನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಸಲಕ್ಕೆ ಓದಿಬಿಡುವ ಯಂತ್ರವು ಇನ್ನೂ ಹುಟ್ಟಿಲ್ಲ. ಈಗ ಬಹಳವಾಗಿ ಬಳಕೆಯಲ್ಲಿರುವ ಯಂತ್ರಗಳು ನೂರೈವತ್ತರ ಆಸುಪಾಸಿನ ಅಕ್ಷರಗಳ ತುಣುಕುಗಳನ್ನು ಕೋಟಿಗಟ್ಟಲೆ ರಾಶಿ ಹಾಕುತ್ತವೆ. ಹುಳು ತಿಂದು ನುಚ್ಚಾದ ಓಲೆಗರಿಯ ಕಟ್ಟನ್ನು ಎದುರಿಗಿಟ್ಟುಕೊಂಡ ಸಂಪಾದಕನಂತೆ, ಯಾವ ತುಣುಕು ಎಲ್ಲಿಗೆ ಸೇರತಕ್ಕದ್ದು, ಯಾವುದು ನಿಜವಾದ ಪಾಠಾಂತರ, ಯಾವುದು ಓದಿದ ಯಂತ್ರದ ಪ್ರಮಾದ ಎಂಬುದನ್ನು ಯಾರಾದರೂ ನಿರ್ಣಯಿಸಬೇಕಷ್ಟೆ. ಆ ನಿರ್ಣಯವನ್ನು ಮಾಡುವುದು ತಂತ್ರಾಂಶ. ಇದು ಬರಿಯ ಉಪಮಾನವಲ್ಲ. ಚಾಸರ್ ಕವಿಯ ‘ಕ್ಯಾಂಟರ್‌ಬರಿ ಕಥೆ’ಗಳಲ್ಲಿ ಒಂದು ಭಾಗದ 15ನೆಯ ಶತಮಾನದ 58 ಹಸ್ತಪ್ರತಿಗಳನ್ನು, ಜೀವಿಗಳ ವಂಶವೃಕ್ಷವನ್ನು ಬಿಡಿಸುವ ತಂತ್ರಾಂಶದಿಂದಲೇ ವರ್ಗೀಕರಿಸಿ ಇಂಗ್ಲೆಂಡಿನ ವಿದ್ವಾಂಸರು 1998ರಲ್ಲಿ ಪ್ರಕಟಿಸಿದರು. ನಮ್ಮ ಹಸ್ತಪ್ರತಿ ಭಂಡಾರಗಳ ಮೇಲೆ ಆ ವಿಧಾನವನ್ನು ಪ್ರಯೋಗಿಸಿ ನೋಡುವ ತರುಣರು ಯಾವಾಗ ಹುಟ್ಟುವರೋ ತಿಳಿಯದು. ಅದು ಬೇರೆಯ ಮಾತು.

ತಂತ್ರಾಂಶಕ್ಕೂ ಒಂದು ಮೂಲಪಾಠವಿರುತ್ತದೆ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಯಂತ್ರವು ಏನು ಮಾಡಬೇಕೆಂಬುದನ್ನು ಮನುಷ್ಯನು ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ ಬರೆದಿಟ್ಟದ್ದು ಇದು. ಈ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಕೊಡಬಹುದು ಎಂದು ಪರವಾನಿಗೆಯಲ್ಲಿ ಒಕ್ಕಣಿಸಿದ್ದರೆ ಅದು ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲವೆಂಬುದು ಇದರ ಒಂದು ಪರಿಣಾಮವೇ ಹೊರತು ಲಕ್ಷಣವಲ್ಲ. ನಮ್ಮವರು ಹಿಡಿದುಕೊಂಡಿರುವುದು ಈ ಪರಿಣಾಮವೊಂದನ್ನೇ. ಲಕ್ಷಣವನ್ನು ಕೈಬಿಟ್ಟಿದ್ದಾರೆ.

ಲಕ್ಷಣವನ್ನು ಕೈಬಿಟ್ಟರೆ ಆಗುವುದೇನೆಂಬುದಕ್ಕೆ ಒಂದು ಹಳೆಯ ಕಥೆಯಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1982ರಲ್ಲಿ ಹುಟ್ಟಿದ ಜಿಸಿಜಿ ಎಂಬ ತಂತ್ರಾಂಶ ಸಮೂಹವು ಬಹುಕಾಲ ಜಗತ್ತಿನ ಅನೇಕ ಪ್ರಯೋಗಶಾಲೆಗಳ ಆಧಾರವಾಗಿತ್ತು. ಅದರ ಮೂಲಪಾಠವು ಕೈಗೆ ಸಿಗುತ್ತಿದ್ದುದರಿಂದ ಯೂರೋಪಿನ ವಿದ್ವಾಂಸರು ಅದಕ್ಕೆ ತಮ್ಮ ಹೊಸ ಪ್ರೋಗ್ರಾಮುಗಳನ್ನು ಸೇರಿಸಿ ಬೆಳೆಸಿದರು. ಅನಂತರ ಜಿಸಿಜಿ ವ್ಯಾಪಾರದ ವಸ್ತುವಾಯಿತು. ಮೂಲಪಾಠವನ್ನು ಹಂಚುವುದೂ ನಿಂತಿತು. ಅದರ ಮೇಲೆ ಕಟ್ಟಿದವರ ಶ್ರಮವು ಪರರ ಹಿತ್ತಲಿನಲ್ಲಿ ನೆಟ್ಟ ತೆಂಗಿನಂತಾಯಿತು. ತಾವೇ ಬರೆದದ್ದನ್ನು ತಾವೇ ಹಂಚಲಾರದ ಸ್ಥಿತಿಗೆ ಬಂದ ಆ ವಿದ್ವಾಂಸರು ಅಳುತ್ತ ಕೂಡಲಿಲ್ಲ. 1996ರಲ್ಲಿ ಮತ್ತೆ ತಳಪಾಯದಿಂದ ಪ್ರಾರಂಭಿಸಿ ಎಂಬಾಸ್ ಎಂಬ ಮುಕ್ತ ಸಮೂಹವನ್ನು ಕಟ್ಟಿದರು. 2000ದಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಯಾರೂ ಮುಂದೆ ಬಾಗಿಲು ಹಾಕಲಾಗದಂಥ ಪರವಾನಿಗೆಯನ್ನು ಬೇಕೆಂದೇ ಆರಿಸಿಕೊಂಡರು. ಇಂಗ್ಲೆಂಡಿನ ಹಿಂಕ್ಸ್‌ಟನ್ನಿನಲ್ಲಿ ಅವರಿಗೆ ಆಶ್ರಯ ಕೊಟ್ಟಿದ್ದ ಕೇಂದ್ರವನ್ನು 2005ರಲ್ಲಿ ಮುಚ್ಚಿಬಿಟ್ಟಾಗ ಎಂಬಾಸ್ ಅದರೊಡನೆ ಸಾಯಲಿಲ್ಲ; ನೆರೆಯ ಸಂಸ್ಥೆಯಲ್ಲಿ ಕೆಲಸ ಮುಂದುವರಿಯಿತು. ಜಿಸಿಜಿ ಈಗ ಮಾರಾಟದಲ್ಲಿಯೂ ಇಲ್ಲ.

ಇದನ್ನು ಕೇಳಿದವರು, “ಎಂಬಾಸಿನ 6.6 ಆವೃತ್ತಿಯು 2013ರಲ್ಲಿ ಬಂದದ್ದು. ಮುಂದೆ ಅದೂ ನಿಂತಂತೆಯೇ ಆಯಿತಲ್ಲ!” ಎನ್ನಬಹುದು. ನಿಜ. ತೆರೆದಿಟ್ಟ ಮಾತ್ರಕ್ಕೆ ಯಾವುದೂ ಬದುಕುವುದಿಲ್ಲ. ಕೆರೆಯು ಊರಿಗೆಲ್ಲ ಸೇರಿದ್ದೆಂದು ದಾಖಲೆಯಲ್ಲಿ ಬರೆದರೆ ಹೂಳು ತಾನಾಗಿ ಏಳುವುದೇ? ಆದರೆ ಹೂಳು ತುಂಬಿದ ಕೆರೆಗೂ ಮಾರಿಹೋದ ಕೆರೆಗೂ ಅಂತರವಿದೆ. ಎಂಬಾಸಿನ ಪ್ರೋಗ್ರಾಮುಗಳನ್ನು ಇಂದಿಗೂ ಬೇರೆ ಬೇರೆ ಸಮುದಾಯಗಳ ಸ್ವಯಂಸೇವಕರು ಹೊಸ ಯಂತ್ರಗಳಿಗೆ ಹೊಂದಿಸಿ ಹಂಚುತ್ತಲೇ ಇದ್ದಾರೆ.

ಈಗ ಅಪಾಯದ ಮಾತಿಗೆ ಬರೋಣ. 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜೆಫ್ರಿ ಚಾಂಗ್ ಎಂಬ ಅಮೆರಿಕದ ವಿಜ್ಞಾನಿಯು ಜೀವಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನಿನ ಆಕಾರವನ್ನು ಪ್ರಕಟಿಸಿದನು. ಅದು ಬಹಳ ಪ್ರಸಿದ್ಧವಾಯಿತು. ನೂರಾರು ಲೇಖಕರು ಅದನ್ನು ಉದ್ಧರಿಸಿದರು. ಅದರೊಡನೆ ಹೊಂದದ ಪ್ರಯೋಗಗಳನ್ನು ಮಾಡಿದ್ದವರು ತಮ್ಮ ಲೇಖನಗಳನ್ನು ಪ್ರಕಟಿಸುವುದಕ್ಕೂ ಸಹಾಯಧನವನ್ನು ಪಡೆಯುವುದಕ್ಕೂ ಕಷ್ಟಪಟ್ಟರು. 2006ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅದೇ ಕುಲದ ಇನ್ನೊಂದು ಪ್ರೋಟೀನಿನ ಆಕಾರವನ್ನು ಪ್ರಕಟಿಸಿದಾಗ ಎರಡೂ ಹೊಂದಲಿಲ್ಲ. ಹುಡುಕಿ ನೋಡಿದರೆ, ಚಾಂಗನ ಪ್ರಯೋಗಶಾಲೆಯಲ್ಲಿ ಬಳಸುತ್ತಿದ್ದ, ಬೇರೊಂದು ಪ್ರಯೋಗಶಾಲೆಯಿಂದ ಬಂದಿದ್ದ ಒಂದು ಚಿಕ್ಕ ಮನೆಬಳಕೆಯ ಪ್ರೋಗ್ರಾಮು ಅಂಕಿಗಳ ಎರಡು ಕಾಲಮುಗಳನ್ನು ಅದಲುಬದಲು ಮಾಡುತ್ತಿತ್ತು! ಚಿತ್ರವೆಲ್ಲ ಕನ್ನಡಿಯೊಳಗಿನ ಬಿಂಬದಂತೆ ಎಡಬಲವಾಗಿತ್ತು. ಐದು ಲೇಖನಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಮನುಷ್ಯನು ತಪ್ಪನ್ನು ಮರೆಮಾಡದೆ ಒಪ್ಪಿಕೊಂಡನೆಂಬುದು ಅವನ ಹಿರಿಮೆ. ನಾವು ಕೇಳುವುದು ಬೇರೊಂದು ಪ್ರಶ್ನೆ: ಕೆಲವೇ ಸಾಲುಗಳ ಆ ಪ್ರೋಗ್ರಾಮು ನಾಲ್ಕು ಜನ ಓದುವ ಕಡೆ ಇದ್ದು, ಉತ್ತರ ಗೊತ್ತಿರುವ ಒಂದು ಲೆಕ್ಕದ ಮೇಲೆ ಅದನ್ನು ಪರೀಕ್ಷಿಸಿದ್ದರೆ ಐದು ವರ್ಷಗಳ ವ್ಯರ್ಥವು ತಪ್ಪುತ್ತಿರಲಿಲ್ಲವೇ?

ಅದು ಆಕಾರದ ಮಾತಾಯಿತು. ಪ್ರಾಣದ ಮಾತೂ ಉಂಟು. ರೋಗಿಯ ಗಂತಿಯಲ್ಲಿರುವ ಜೀನ್‌ಗಳ ವರ್ತನೆಯನ್ನು ನೋಡಿ ಯಾವ ಕ್ಯಾನ್ಸರ್ ಔಷಧವು ಫಲಿಸುವುದೆಂದು ಮುಂದಾಗಿ ಹೇಳಬಹುದೆಂದು ಡ್ಯೂಕ್ ವಿಶ್ವವಿದ್ಯಾನಿಲಯದ ಕೆಲವರು 2006ರಲ್ಲಿ ಸಾರಿದರು. ಮರುವರ್ಷವೇ ರೋಗಿಗಳ ಮೇಲೆ ಪ್ರಯೋಗಗಳು ಪ್ರಾರಂಭವಾದವು. ಹ್ಯೂಸ್ಟನ್ ನಗರದ ಬ್ಯಾಗರ್ಲಿ ಮತ್ತು ಕೂಂಬ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಲೆಕ್ಕವನ್ನು ಮತ್ತೆ ಮಾಡಿ ನೋಡಲು ಹೊರಟರೆ ಅದನ್ನು ಮಾಡಿದ ಕ್ರಮವೇ ಸ್ಪಷ್ಟವಾಗಿ ಸಿಗಲಿಲ್ಲ. ಫಲಿತಾಂಶದಿಂದ ಹಿಂದುಹಿಂದಕ್ಕೆ ನಡೆದು ಅವರು ಕಂಡುಹಿಡಿದದ್ದೇನು? ಜೀನ್‌ಗಳ ಪಟ್ಟಿಯು ಒಂದು ಸಾಲು ಕೆಳಕ್ಕೆ ಜಾರಿತ್ತು. ಔಷಧಕ್ಕೆ ಬಗ್ಗುವ ಮಾದರಿ, ಬಗ್ಗದ ಮಾದರಿ ಎಂಬ ಹೆಸರುಗಳು ಕೆಲವೆಡೆ ಅದಲುಬದಲಾಗಿದ್ದವು. ಅಂದರೆ ಫಲಿಸದ ಔಷಧವನ್ನೇ ಫಲಿಸುವುದೆಂದು ಆರಿಸುವ ಸಂಭವವಿತ್ತು. ಅವರು 2009ರಲ್ಲಿ ತಮ್ಮ ಲೆಕ್ಕವನ್ನೆಲ್ಲ ಮೂಲಪಾಠಸಹಿತ ಬಹಿರಂಗವಾಗಿಟ್ಟರು. ಪ್ರಯೋಗಗಳು ಕಡೆಗೆ ನಿಂತದ್ದು 2010ರಲ್ಲಿ. ಅಂಕಿಗಳಲ್ಲಿ ಬುದ್ಧಿಪೂರ್ವಕವಾದ ಮಿಥ್ಯೆಯೂ ಸೇರಿತ್ತೆಂದು ಅಲ್ಲಿನ ಸರ್ಕಾರದ ಕಚೇರಿಯು 2015ರಲ್ಲಿ ತೀರ್ಮಾನಿಸಿತು. ಪ್ರಮಾದವೂ ಮೋಸವೂ ಅಡಗಿ ಕೂಡುವುದಕ್ಕೆ ಮುಚ್ಚಿದ ಕೋಣೆಗಿಂತ ಅನುಕೂಲವಾದ ಸ್ಥಳವು ಯಾವುದು?

ಇನ್ನೊಂದು ಪ್ರಸಂಗವು ನಗುವಿಗೆ ಯೋಗ್ಯವಾದದ್ದು. ಎಲ್ಲ ಕಚೇರಿಗಳಲ್ಲಿಯೂ ಲೆಕ್ಕಕ್ಕೆ ಬಳಸುವ ಎಕ್ಸೆಲ್ ತಂತ್ರಾಂಶವು ‘ಸೆಪ್ಟ್ 2’, ‘ಮಾರ್ಚ್ 1’ ಎಂಬ ಜೀನ್‌ಗಳ ಹೆಸರನ್ನು ಕಂಡೊಡನೆ ಅವುಗಳನ್ನು ತಾರೀಖುಗಳೆಂದು ಭ್ರಮಿಸಿ ಬದಲಾಯಿಸಿಬಿಡುತ್ತಿತ್ತು. ಎಕ್ಸೆಲಿನಲ್ಲಿ ಜೀನ್‌ಗಳ ಪಟ್ಟಿಯನ್ನು ಲಗತ್ತಿಸಿದ ಸಂಶೋಧನ ಲೇಖನಗಳಲ್ಲಿ ಐದರಲ್ಲೊಂದರಷ್ಟು ಈ ದೋಷಕ್ಕೆ ಒಳಗಾಗಿದ್ದವೆಂದು 2016ರಲ್ಲಿ ಲೆಕ್ಕ ಹಾಕಿದರು. ಮೂಲಪಾಠವು ತಮ್ಮ ಕೈಯಲ್ಲಿಲ್ಲದ ಜೀವಶಾಸ್ತ್ರಜ್ಞರು ಏನು ಮಾಡಬೇಕು? 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು! ಮೂಗುತಿ ಒಗ್ಗದೆಂದು ಮೂಗನ್ನು ಕೊಯ್ದುಕೊಂಡಂತೆ. ಆ ಬದಲಾವಣೆಯನ್ನು ನಿಲ್ಲಿಸಿಕೊಳ್ಳುವ ಅನುಕೂಲವನ್ನು ಕಂಪೆನಿಯವರು ಒದಗಿಸಿದ್ದು 2023ರಲ್ಲಿ.

ಹಾಗಾದರೆ ತೆರೆದ ಸಮುದಾಯಗಳು ಹೇಗೆ ನಡೆಯುತ್ತವೆ? 1999ರಲ್ಲಿ ಹುಟ್ಟಿದ ಬಯೋಪೈಥಾನ್ ಎಂಬುದನ್ನು ನೋಡೋಣ. ಅದರ ಮೂಲಪಾಠದಲ್ಲಿ ಒಂದು ಸಾಲನ್ನು ಬದಲಾಯಿಸಬೇಕೆಂದು ಯಾರಾದರೂ ಸೂಚಿಸಿದರೆ, ಆ ಸೂಚನೆಯ ಮೇಲೆ ಮೊದಲು ಹಿಂದಿನಿಂದ ಸಂಗ್ರಹಿಸಿಟ್ಟ ಪರೀಕ್ಷೆಗಳೆಲ್ಲ ತಾವಾಗಿಯೇ ನಡೆಯುತ್ತವೆ. ಅನಂತರ ಪಾಲಕರು ಬಹಿರಂಗವಾಗಿ ವಿಮರ್ಶೆ ಮಾಡುತ್ತಾರೆ. ಒಪ್ಪಿಗೆಯಾದ ಮೇಲೆ ಸಹಾಯ ಮಾಡಿದವನ ಹೆಸರು ತಂತ್ರಾಂಶದೊಡನೆಯೇ ಹಂಚುವ ಪಟ್ಟಿಯಲ್ಲಿ ಸೇರುತ್ತದೆ. 2001ರಲ್ಲಿ ಪ್ರಾರಂಭವಾದ ಬಯೋಕಂಡಕ್ಟರ್ ಇನ್ನೂ ಕಟ್ಟುನಿಟ್ಟು. ಎರಡು ಸಾವಿರಕ್ಕೂ ಮೀರಿದ ಅದರ ಕಟ್ಟುಗಳಲ್ಲಿ ಪ್ರತಿಯೊಂದಕ್ಕೂ ಉದಾಹರಣೆಗಳಿಂದ ಕೂಡಿದ ಕೈಪಿಡಿಯಿರಲೇಬೇಕು. ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಸುಮಾರಿಗೆ ಹೊಸ ಆವೃತ್ತಿ. ಕೆಟ್ಟುಹೋದುದನ್ನು ಸರಿಪಡಿಸುವವರಿಲ್ಲದಿದ್ದರೆ ಅದನ್ನು ಹೊರಗಿಡುತ್ತಾರೆ. ಪಂಡಿತರ ಸಭೆಯಲ್ಲಿ ಕೃತಿಯನ್ನು ಓದಿ ಆಕ್ಷೇಪಗಳಿಗೆ ಉತ್ತರ ಹೇಳುವ ಪದ್ಧತಿಯು ನಮಗೆ ಹೊಸದಲ್ಲವಾದ್ದರಿಂದ ಇದು ಅಪರಿಚಿತವಾಗಿ ತೋರಬೇಕಾಗಿಲ್ಲ.

ಆದರೂ ನಮ್ಮವರು ದೂರ ನಿಲ್ಲುವರು. ಮೊದಲನೆಯ ನೆಪ, “ನಾವು ಪ್ರೋಗ್ರಾಮು ಬರೆಯುವವರಲ್ಲ” ಎಂಬುದು. ಬರೆಯಬೇಕೆಂದು ಯಾರು ಹೇಳಿದರು? ಕೈಪಿಡಿಯಲ್ಲಿ ಹೇಳಿದಂತೆ ಮಾಡಿದರೆ ಹೇಳಿದ ಫಲ ಬರಲಿಲ್ಲವೆಂದು ತಿಳಿಸುವುದೂ ಸೇವೆಯೇ. ಆದರೆ ತಿಳಿಸುವ ಕ್ರಮವೊಂದುಂಟು: ಯಾವ ಆವೃತ್ತಿ, ಯಾವ ಯಂತ್ರ, ಏನನ್ನು ಕೊಟ್ಟೆ, ಏನು ಬಂತು, ಏನು ಬರಬೇಕಾಗಿತ್ತು ಎಂಬುದನ್ನು ಇನ್ನೊಬ್ಬನು ತನ್ನ ಮನೆಯಲ್ಲಿ ಕುಳಿತು ಮತ್ತೆ ಮಾಡಿ ನೋಡುವಷ್ಟು ಚಿಕ್ಕ ಉದಾಹರಣೆಯೊಡನೆ ಬರೆಯಬೇಕು. ಇಷ್ಟನ್ನು ಸರಿಯಾಗಿ ಬರೆಯಬಲ್ಲ ವಿದ್ಯಾರ್ಥಿಗೆ ವಿಜ್ಞಾನದ ಅರ್ಧ ಶಿಕ್ಷಣವಾಯಿತೆಂದೇ ನಮ್ಮ ಅಭಿಪ್ರಾಯ. ಜೀವಶಾಸ್ತ್ರದಲ್ಲಿ ಒಂದು ವಿಶೇಷವೂ ಇದೆ. ತಂತ್ರಾಂಶವು ಕೊಟ್ಟ ಉತ್ತರವು ಲೆಕ್ಕಕ್ಕೆ ಸರಿಯಾಗಿದ್ದರೂ ಜೀವಿಯ ಸ್ವಭಾವಕ್ಕೆ ವಿರುದ್ಧವಾಗಿದೆಯೆಂದು ಗುರುತಿಸತಕ್ಕವನು ಬರಿಯ ಗಣಕಪಂಡಿತನಲ್ಲ. ಸಸ್ಯವನ್ನೋ ಸೂಕ್ಷ್ಮಜೀವಿಯನ್ನೋ ಕಣ್ಣಾರೆ ಕಂಡು ಅಭ್ಯಾಸಮಾಡಿದವನು. ಅಂಥವನ ಮೌನದಿಂದಾಗುವ ನಷ್ಟವು ದೊಡ್ಡದು.

ಎರಡನೆಯ ನೆಪವು ಇನ್ನೂ ಸ್ವಾರಸ್ಯವಾದುದು: “ಇದಕ್ಕೆ ಅಂಕಗಳೆಷ್ಟು? ಬಡ್ತಿಗೆ ಗಣನೆಯುಂಟೆ?” ನಮಗೆ ಪರಿಚಯವಿರುವ ಒಂದು ಕಾಲೇಜಿನಲ್ಲಿ, ಇಂಥ ತಂತ್ರಾಂಶವೊಂದರ ದೋಷವನ್ನು ಪತ್ತೆಮಾಡಿ ತಿದ್ದಿಸಿದ ಹುಡುಗಿಗೆ ಮೇಲಿನವರು ಕೇಳಿದ ಪ್ರಶ್ನೆ ಇದೊಂದೇ. ಪ್ರಶ್ನೆ ಕೇಳಿದವರು ಅದೇ ವರ್ಷ ಅದೇ ತಂತ್ರಾಂಶದ ಬಲದಿಂದ ಎರಡು ಲೇಖನಗಳನ್ನು ಪ್ರಕಟಿಸಿದ್ದರು! ಹಾಗಾದರೆ ಉಣ್ಣುವುದಕ್ಕೆ ಅಂಕ, ಅಟ್ಟುವುದಕ್ಕೆ ಸೊನ್ನೆ ಎಂದಾಯಿತು. ದೋಷವು ವಿದ್ಯಾರ್ಥಿಗಳದಲ್ಲ, ಅಳೆಯುವ ಕೋಲಿನದು. ಕೋಲನ್ನು ಬದಲಾಯಿಸುವ ಅಧಿಕಾರವುಳ್ಳವರು ಮನೆಮನೆಗಳಲ್ಲಿ ಈ ಪತ್ರಿಕೆಯನ್ನು ಓದುವವರೇ ಆಗಿದ್ದಾರೆ: ಅಧ್ಯಾಪಕರು, ಆಡಳಿತ ಮಂಡಲಿಯ ಸದಸ್ಯರು, ಮಕ್ಕಳಿಗೆ ಯಾವುದು ಓದು ಯಾವುದು ಕಾಲಹರಣವೆಂದು ಹೇಳುವ ತಂದೆತಾಯಿಗಳು.

ಅಂಕದ ಆಸೆಯಿಂದಲೇ ಒಳಹೊಕ್ಕವರ ಕಥೆಯೂ ಸುಖಕರವಾದುದಲ್ಲ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಸಂಭ್ರಮದಲ್ಲಿ, ಮುಕ್ತ ತಂತ್ರಾಂಶಗಳಿಗೆ ಇಂತಿಷ್ಟು ತಿದ್ದುಪಡಿಗಳನ್ನು ಕಳುಹಿಸಿದವರಿಗೆ ಒಂದು ಅಂಗಿಯನ್ನು ಕೊಡುವ ಪದ್ಧತಿಯಿತ್ತು. 2020ರಲ್ಲಿ ಆ ಅಂಗಿಗಾಗಿ ಅರ್ಥವಿಲ್ಲದ ತಿದ್ದುಪಡಿಗಳು ಎಷ್ಟು ಬಂದು ಬಿದ್ದವೆಂದರೆ, ಒಪ್ಪಿಗೆ ಕೊಟ್ಟ ಸಮುದಾಯಗಳಿಗೆ ಮಾತ್ರ ಅವು ಹೋಗುವಂತೆ ನಡುವೆಯೇ ನಿಯಮವನ್ನು ಬದಲಾಯಿಸಬೇಕಾಯಿತು. ಅವುಗಳನ್ನು ಕಳುಹಿಸಿದವರಲ್ಲಿ ನಮ್ಮ ದೇಶದ ತರುಣರೂ ಇದ್ದರೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾವು ಬೇಡುವುದು ಇಂಥ ಉತ್ಸಾಹವನ್ನಲ್ಲ. ತಾನು ದಿನವೂ ಬಳಸುವ ಒಂದೇ ತಂತ್ರಾಂಶವನ್ನು ಹಿಡಿದು ಒಂದು ವರ್ಷ ಅದರ ಜೊತೆಯಲ್ಲಿ ನಿಲ್ಲುವ ತಾಳ್ಮೆಯನ್ನು.

“ನಾವು ಬಿಟ್ಟಿ ದುಡಿದರೆ ಲಾಭ ಹೊಡೆಯುವವರು ದೊಡ್ಡ ದೊಡ್ಡ ಕಂಪೆನಿಗಳಲ್ಲವೇ?” ಎಂಬ ಆಕ್ಷೇಪವು ಮೇಲಿನವುಗಳಂತೆ ನೆಪವಲ್ಲ, ಅದರಲ್ಲಿ ಹುರುಳಿದೆ. ಔಷಧದ ಕಂಪೆನಿಗಳು ಈ ತಂತ್ರಾಂಶಗಳನ್ನು ಯಥೇಚ್ಛವಾಗಿ ಬಳಸುತ್ತವೆ. ಹಿಂದಕ್ಕೆ ಕೊಡುವುದು ಅಲ್ಪ. ಪಾಲಕರಲ್ಲಿ ಅನೇಕರು ಸಂಬಳವಿಲ್ಲದೆ ರಾತ್ರಿ ನಿದ್ರೆಗೆಟ್ಟು ಸೊರಗುತ್ತಿರುವುದೂ ಸತ್ಯ. ಆದರೆ ಇದಕ್ಕೆ ಪರಿಹಾರವು ದೂರ ನಿಲ್ಲುವುದಲ್ಲ. ಪರವಾನಿಗೆಯನ್ನು ಆರಿಸುವ ಸ್ವಾತಂತ್ರ್ಯವು ಬರೆದವನಿಗಿದೆ. ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ತೆರೆದಿಡಬೇಕೆಂಬ ಕಟ್ಟಳೆಯ ಪರವಾನಿಗೆಗಳುಂಟು. ಅಷ್ಟಕ್ಕೂ ನಾವು ಕೈಬಿಟ್ಟರೆ ಕಂಪೆನಿಗಳಿಗೆ ಏನೂ ಆಗದು. ಅವು ದುಡ್ಡು ಸುರಿದು ತಮಗೆ ಬೇಕಾದುದನ್ನು ಕಟ್ಟಿಕೊಳ್ಳುವುವು. ಉಪಕರಣವಿಲ್ಲದೆ ಕೂಡುವುದು ಜಿಲ್ಲೆಯ ಕಾಲೇಜು.

ನಮ್ಮ ರೋಗಿಗಳ, ನಮ್ಮ ಜನಾಂಗಗಳ ಅಂಕಿಅಂಶಗಳು ಪರರ ಪಾಲಾಗುವುವೆಂದು ಭಯಪಡುವವರು ಎರಡು ಬೇರೆ ವಿಷಯಗಳನ್ನು ಬೆರೆಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನ ಕೇಂದ್ರದ ಮುಂದಾಳ್ತನದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು ಸುಮಾರು 10,000 ಭಾರತೀಯರ ಆನುವಂಶಿಕ ಪಾಠವನ್ನು ಓದಿತು. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ನಿಯಮಬದ್ಧವಾಗಿ ಒದಗಿಸುವ ಏರ್ಪಾಡಾಯಿತು. ಆ ಪಾಠಕ್ಕೆ ಬೀಗವಿರುವುದು ನ್ಯಾಯವೇ. ತೆರೆದಿರಬೇಕಾದುದು ಅದನ್ನು ತೂಗುವ ತಕ್ಕಡಿ. ಪೇಟೆಯಲ್ಲಿ ವರ್ತಕನ ಚೀಲವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ತಕ್ಕಡಿಯನ್ನು ಮಾತ್ರ ಎಲ್ಲರೂ ನೋಡುತ್ತಾರೆ.

ಈ ದಾರಿಯಲ್ಲಿ ನಮ್ಮ ದೇಶವು ಹಿಂದೆ ಉಳಿದು ಪ್ರಾರಂಭಿಸಿದ್ದಲ್ಲ. 1987ರ ಸುಮಾರಿಗೇ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಈ ಶಾಸ್ತ್ರಕ್ಕಾಗಿ ದೇಶವ್ಯಾಪಿಯಾದ ಕೇಂದ್ರಗಳ ಜಾಲವನ್ನು ಹಬ್ಬಿಸಿತು. ಅವುಗಳಲ್ಲಿ ಒಂದು ಬೆಂಗಳೂರಿನಲ್ಲಿ. ಬೆಂಗಳೂರಿನಲ್ಲಿಯೇ ತರುಣ ಜೀವಶಾಸ್ತ್ರಜ್ಞರು ಕುಳಿತು ಸಾವಿರಾರು ಲೇಖನಗಳನ್ನು ಒಂದೊಂದಾಗಿ ಓದಿ ಮಾನವ ಪ್ರೋಟೀನುಗಳ ಆಕರಕೋಶವನ್ನು ಕಟ್ಟಿದರು; 2003ರಿಂದ ಜಗತ್ತೇ ಅದನ್ನು ಬಳಸಿತು. 2010ರ ಒಂಬತ್ತನೆಯ ಆವೃತ್ತಿಯ ಅನಂತರ ಹೊಸದು ಬರಲಿಲ್ಲ. ಅಂಥ ಕೃತಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಹೋಗುವ ದೊಡ್ಡದೊಂದು ಸಮುದಾಯವು ಅದರ ಸುತ್ತ ಬೆಳೆದಿದ್ದರೆ ಎಂದು ಹಂಬಲಿಸದಿರುವುದು ಕಷ್ಟ. 2010ರಲ್ಲಿಯೇ, ಕ್ಷಯರೋಗಕ್ಕೆ ಔಷಧವನ್ನು ಹುಡುಕುವ ಮುಕ್ತ ಯೋಜನೆಯೊಂದರ ಕರೆಗೆ ಓಗೊಟ್ಟು ದೇಶದ ನೂರಾರು ವಿದ್ಯಾರ್ಥಿಗಳು ಆ ರೋಗದ ಸೂಕ್ಷ್ಮಜೀವಿಯ ಸುಮಾರು ನಾಲ್ಕು ಸಾವಿರ ಜೀನ್‌ಗಳ ವಿವರಣೆಯನ್ನು ಕೂಡಿ ಪರಿಷ್ಕರಿಸಿದರು. ಶಕ್ತಿಯಿಲ್ಲವೆಂಬ ಮಾತು ಇನ್ನು ಯಾರ ಬಾಯಿಂದಲೂ ಬರಕೂಡದು.

ಕಡೆಯದು ಭಾಷೆಯ ತೊಡಕು. ಈ ಸಮುದಾಯಗಳ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಊರುಗಳಿಂದ ಬಂದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಬಹಿರಂಗವಾಗಿ ಬರೆದರೆ ನಕ್ಕಾರೆಂದು ಅಳುಕುತ್ತಾರೆ. ಒರಟಾಗಿ ಉತ್ತರ ಹೇಳುವ ಪಾಲಕರೂ ಇಲ್ಲದಿಲ್ಲ. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಇಲ್ಲಿ ಜಿಲ್ಲೆಯ ಸಾಹಿತ್ಯ ಸಂಘಕ್ಕೂ ಕೆಲಸವಿದೆ. 2005ರಿಂದ ನಡೆದುಬಂದಿರುವ ಗ್ಯಾಲಕ್ಸಿ ಎಂಬ ಸಮುದಾಯವು ಪ್ರೋಗ್ರಾಮು ಬರೆಯಲು ಬಾರದವರಿಗೂ ಈ ಶಾಸ್ತ್ರವನ್ನು ಕಲಿಸುವ ಪಾಠಗಳನ್ನು ಸಿದ್ಧಪಡಿಸಿದೆ. ಕರ್ತೃಗಳ ಹೆಸರನ್ನು ಹೇಳಿ ಯಾರು ಬೇಕಾದರೂ ಅವುಗಳನ್ನು ತಮ್ಮ ನುಡಿಗೆ ತಂದುಕೊಳ್ಳಬಹುದೆಂದು ಪರವಾನಿಗೆಯೇ ಹೇಳುತ್ತದೆ. ಒಬ್ಬ ಜೀವಶಾಸ್ತ್ರದ ಅಧ್ಯಾಪಕರೂ ಕನ್ನಡವನ್ನು ಬಲ್ಲ ಒಬ್ಬರು ಸದಸ್ಯರೂ ಕೂಡಿ ಕುಳಿತರೆ ಬೇಸಗೆಯ ರಜದಲ್ಲಿ ಮೊದಲ ಪಾಠವನ್ನು ಮುಗಿಸಬಹುದು. ಭಾಷಾಂತರಕ್ಕೆ ಕುಳಿತವರಿಗೆ ಮೂಲದ ಅಸ್ಪಷ್ಟವಾದ ವಾಕ್ಯಗಳು ಬೇಗನೆ ಕಣ್ಣಿಗೆ ಬೀಳುವುವೆಂಬುದು ನಮ್ಮ ವಾಚಕರಿಗೆ ತಿಳಿಯದ್ದಲ್ಲ. ಅಂಥ ವಾಕ್ಯಗಳಿಗೆ ಗುರುತು ಹಾಕಿ, ಯಾವುದು ಏಕೆ ತಿಳಿಯಲಿಲ್ಲವೆಂದು ಮೂಲದವರಿಗೆ ಬರೆದು ಕಳುಹಿಸತಕ್ಕದ್ದು.